ರೂಪಿಸು, ರಚಿಸು, ಕಟ್ಟು, ಹೆಣೆ: ಯೋಚನೆಗೆ ಆಕಾರ ಕೊಡುವಾಗ ಯಾವ ಪದ ಹಾಕಬೇಕು?

ತಲೆಯಲ್ಲಿ ಹೊಳೆದದ್ದು ಹೊರಗೆ ಬಂದು ಒಂದು ಆಕಾರ ಪಡೆಯುತ್ತದಲ್ಲ, ಆ ಕೆಲಸಕ್ಕೆ ಕನ್ನಡದಲ್ಲಿ ಪದಗಳ ದೊಡ್ಡ ಗುಂಪೇ ಇದೆ. ರೂಪಿಸು, ರಚಿಸು, ನಿರ್ಮಿಸು, ಸೃಷ್ಟಿಸು, ಕಟ್ಟು, ಹೆಣೆ, ಹೊಸೆ, ಸಿದ್ಧಪಡಿಸು. ನಿಘಂಟು ತೆರೆದರೆ ಒಂದರ ಅರ್ಥಕ್ಕೆ ಇನ್ನೊಂದನ್ನು ಕೊಟ್ಟಿರುತ್ತದೆ. ಬರೆಯಲು ಕೂತಾಗ ಎಲ್ಲವೂ ಒಂದೇ ಅನ್ನಿಸುತ್ತದೆ. ಆದರೆ ‘ಸರ್ಕಾರ ಒಂದು ಸಮಿತಿಯನ್ನು ರೂಪಿಸಿತು’ ಎಂದು ಓದಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸುತ್ತದೆ ಅಲ್ವಾ? ‘ಪುರಂದರದಾಸರು ಕೀರ್ತನೆಗಳನ್ನು ನಿರ್ಮಿಸಿದರು’ ಅಂದರೂ ಹಾಗೆಯೇ. ಪದಗಳ ನಡುವೆ ವ್ಯತ್ಯಾಸ ಇದೆ ಎಂದು ನಮ್ಮ ಕಿವಿಗೆ ಗೊತ್ತು. ಅದನ್ನು ಬಿಡಿಸಿ ಹೇಳುವುದು ಮಾತ್ರ ಸ್ವಲ್ಪ ಕಷ್ಟ.

ಸಂಘ ಸಂಸ್ಥೆಗಳ ವರದಿ, ಆಹ್ವಾನ ಪತ್ರಿಕೆ, ಪತ್ರಿಕಾ ಪ್ರಕಟಣೆಗಳನ್ನು ತಿದ್ದಿಕೊಡುವಾಗ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದೇ. ಆಗ ನಾನು ಎರಡು ವಿಷಯ ನೋಡುತ್ತೇನೆ. ಕೆಲಸ ಯಾವ ಹಂತಕ್ಕೆ ಬಂದಿದೆ? ಅದರಲ್ಲಿ ಯಾರ ಕೈ ಇದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಹೆಚ್ಚಿನ ಸಲ ಪದ ತಾನಾಗಿಯೇ ಬರುತ್ತದೆ.

ರೂಪಿಸು ಮತ್ತು ರಚಿಸು

ಮೊದಲು ಈ ಜೋಡಿಯನ್ನು ಬಿಡಿಸೋಣ. ಗೊಂದಲ ಹೆಚ್ಚಾಗಿ ಇಲ್ಲೇ.

‘ರೂಪಿಸು’ ಎಂದರೆ ಇನ್ನೂ ಯೋಚನೆಯ ಮಟ್ಟದಲ್ಲಿರುವ ವಿಷಯಕ್ಕೆ ಹೀಗೆ ಇರಬೇಕು ಎಂದು ಆಕಾರ ಕೊಡುವುದು. ಯೋಜನೆ, ನೀತಿ, ನಿಯಮ, ಪಠ್ಯಕ್ರಮ, ತಂತ್ರ, ಪರಿಹಾರ ಇವನ್ನೆಲ್ಲ ರೂಪಿಸುತ್ತೇವೆ. ಇವು ಕಾಗದದ ಮೇಲೆ, ಮಾತಿನಲ್ಲಿ, ತಿಳಿವಳಿಕೆಯಲ್ಲಿ ಇರುವಂಥವು. ಕೈಯಲ್ಲಿ ಹಿಡಿಯಲು ಸಿಗುವುದಿಲ್ಲ. ‘ರಚಿಸು’ ಎಂದಾಗ ಬಿಡಿ ಬಿಡಿ ಭಾಗಗಳನ್ನು ಕ್ರಮವಾಗಿ ಜೋಡಿಸಿ ಒಂದು ಇಡೀ ವಸ್ತುವನ್ನು ಮಾಡಿ ಮುಗಿಸಿದ ಭಾವ ಇರುತ್ತದೆ. ಪದಗಳಿಂದ ವಾಕ್ಯ, ಸಾಲುಗಳಿಂದ ಪದ್ಯ, ಸದಸ್ಯರಿಂದ ಸಮಿತಿ, ಸಚಿವರಿಂದ ಸಂಪುಟ. ಗಣಿತದ ಪರೀಕ್ಷೆಯಲ್ಲಿ ‘ವೃತ್ತ ರಚಿಸಿ’ ಎಂದು ಕೇಳುತ್ತಾರೆ. ಕೈವಾರ ಎತ್ತಿಟ್ಟಾಗ ವೃತ್ತ ಕಣ್ಣ ಮುಂದೆ ಇರಲೇಬೇಕು.

ಒಬ್ಬರೇ ಎರಡೂ ಕೆಲಸ ಮಾಡಿದ ಉದಾಹರಣೆ ನೋಡಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಪುರಂದರದಾಸರು ಕೀರ್ತನೆಗಳನ್ನು ರಚಿಸಿದರು. ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಮೊದಲಿಗೆ ಹಾಡುವ ಪಿಳ್ಳಾರಿ ಗೀತೆಗಳೂ ಅವರ ರಚನೆಗಳೇ. ಇದರ ಜೊತೆಗೆ, ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ ಎಂಬ ಮೊದಲ ಸ್ವರಾಭ್ಯಾಸದಿಂದ ಶುರು ಮಾಡಿ ಹಂತ ಹಂತವಾಗಿ ಮೇಲೇರುವ ಪಾಠಕ್ರಮವನ್ನು ರೂಪಿಸಿದವರು ಕೂಡ ಅವರೇ ಎಂದು ಸಂಗೀತ ಪರಂಪರೆ ನಂಬುತ್ತದೆ. ಗೀತೆ ರಚನೆ, ಕಲಿಸುವ ಕ್ರಮ ರೂಪಿಸಿದ್ದು. ಈ ಎರಡು ಕ್ರಿಯಾಪದಗಳನ್ನು ಅದಲು ಬದಲು ಮಾಡಿ ಓದಿ ನೋಡಿ, ಎರಡೂ ವಾಕ್ಯ ಕುಂಟುತ್ತವೆ.

‘ರೂಪಿಸು’ ಪದಕ್ಕೆ ಇನ್ನೊಂದು ಗುಣ ಇದೆ. ಅದು ನಿಧಾನದ ಕೆಲಸವನ್ನು ಹೇಳಬಲ್ಲದು. ‘ಅಜ್ಜಿಯ ಕಥೆಗಳು ನನ್ನ ವ್ಯಕ್ತಿತ್ವ ರೂಪಿಸಿದವು’, ‘ಅವಳು ತನ್ನ ಬದುಕನ್ನು ತಾನೇ ರೂಪಿಸಿಕೊಂಡಳು’ ಎನ್ನುವಾಗ ವರ್ಷಗಟ್ಟಲೆ ನಡೆದ ಬದಲಾವಣೆ ಅದರಲ್ಲಿ ಬರುತ್ತದೆ. ಇಂಥ ಕಡೆ ‘ರಚಿಸು’ ಹೊಂದುವುದೇ ಇಲ್ಲ. ‘ಕಟ್ಟಿಕೊಂಡಳು’ ಹೊಂದುತ್ತದೆ. ನನಗಂತೂ ‘ಬದುಕು ಕಟ್ಟಿಕೊಂಡಳು’ ಇನ್ನೂ ಹತ್ತಿರದ್ದು ಅನ್ನಿಸುತ್ತದೆ. ಅದರಲ್ಲಿ ಬೆವರು ಕಾಣುತ್ತದೆ.

ರೂಪಿಸಿದ್ದು ಆಯಿತು, ಮುಂದೇನು?

ಹಂತ ಯಾಕೆ ಮುಖ್ಯ ಎಂದು ಸಂವಿಧಾನದ ಉದಾಹರಣೆಯಿಂದ ಚೆನ್ನಾಗಿ ಗೊತ್ತಾಗುತ್ತದೆ. ಸಂವಿಧಾನ ಸಭೆ 1947ರ ಆಗಸ್ಟ್ 29ರಂದು ಕರಡು ಸಮಿತಿಯನ್ನು ರಚಿಸಿತು. ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಮೊದಲ ಕರಡನ್ನು ಸಿದ್ಧಪಡಿಸಿದರು. ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ಅದನ್ನು ಸಾಲು ಸಾಲಾಗಿ ಪರಿಶೀಲಿಸಿ, ಬದಲಿಸಿ, ಸಭೆಯಲ್ಲಿ ಪ್ರತಿಯೊಂದು ವಿಧಿಗೂ ಉತ್ತರ ಕೊಟ್ಟು ಸಂವಿಧಾನವನ್ನು ರೂಪಿಸಿತು. ಸಭೆ 1949ರ ನವೆಂಬರ್ 26ರಂದು ಅದನ್ನು ಅಂಗೀಕರಿಸಿತು. 1950ರ ಜನವರಿ 26ರಂದು ಅದು ಜಾರಿಗೆ ಬಂತು.

ರಚಿಸಿತು, ಸಿದ್ಧಪಡಿಸಿದರು, ರೂಪಿಸಿತು, ಅಂಗೀಕರಿಸಿತು, ಜಾರಿಗೆ ಬಂತು. ಐದು ಪದ, ಐದು ಹಂತ. ಯಾವುದನ್ನು ತೆಗೆದು ‘ಮಾಡಿದರು’ ಎಂದು ಹಾಕಿದರೂ ಯಾರು ಏನು ಮಾಡಿದರು ಎಂಬುದು ಕಲಸಿಹೋಗುತ್ತದೆ. ‘ಸಂವಿಧಾನ ಬರೆದವರು ಯಾರು’ ಎಂದು ಕೇಳಿದಾಗ ನಾವೆಲ್ಲ ಅಂಬೇಡ್ಕರ್ ಹೆಸರು ಹೇಳುತ್ತೇವೆ. ಮಾತಿನ ಬಳಕೆಯಲ್ಲಿ ಅದು ಸರಿಯೇ. ಆದರೆ ಲೇಖನಿ ಹಿಡಿದು ಇಂಗ್ಲಿಷ್ ಮೂಲಪ್ರತಿಯನ್ನು ಚೆಂದದ ಅಕ್ಷರದಲ್ಲಿ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರೈಜಾದಾ. ಹಾಗಾಗಿ ಗಂಭೀರ ಲೇಖನದಲ್ಲಿ ಅಂಬೇಡ್ಕರ್ ಬಗ್ಗೆ ಹೇಳುವಾಗ ‘ಬರೆದರು’ ಎನ್ನುವುದಕ್ಕಿಂತ ‘ರೂಪಿಸಿದರು’ ಎನ್ನುವುದು ಹೆಚ್ಚು ನಿಖರ. ಅವರು ಮಾಡಿದ ಕೆಲಸದ ತೂಕವೂ ಅದರಲ್ಲೇ ಜಾಸ್ತಿ ಇದೆ.

ಇಲ್ಲಿ ಓದುಗರಾಗಿಯೂ ನಾವು ಎಚ್ಚರ ವಹಿಸಬೇಕು. ‘ಊರಿನ ಕೆರೆ ಹೂಳೆತ್ತಲು ಯೋಜನೆ ರೂಪಿಸಲಾಗಿದೆ’ ಎಂಬ ಸುದ್ದಿ ಬಂದರೆ ಕೆರೆಯಲ್ಲಿ ಒಂದು ಬುಟ್ಟಿ ಮಣ್ಣೂ ಮೇಲೆದ್ದಿಲ್ಲ ಎಂದೇ ಅರ್ಥ. ‘ರೂಪಿಸಲಾಗಿದೆ’ ಎಂಬ ಕ್ರಿಯಾಪದ ಇನ್ನೊಂದನ್ನೂ ಮುಚ್ಚಿಡುತ್ತದೆ. ರೂಪಿಸಿದ್ದು ಯಾರು? ಪಂಚಾಯಿತಿಯೋ, ಸಣ್ಣ ನೀರಾವರಿ ಇಲಾಖೆಯೋ? ಇಂಥ ವಾಕ್ಯ ತಿದ್ದಲು ಬಂದರೆ ನಾನು ಮಾಡಿದವರ ಹೆಸರು ಕೇಳಿ ಹಾಕಿಸುತ್ತೇನೆ. ‘ಗ್ರಾಮ ಪಂಚಾಯಿತಿ ಯೋಜನೆ ರೂಪಿಸಿದೆ’ ಎಂದು ಬರೆದರೆ ನಾಳೆ ಹೋಗಿ ಕೇಳಲು ಒಂದು ಬಾಗಿಲಾದರೂ ಇರುತ್ತದೆ.

ರೂಪಿಸಿದ್ದು ನೆಲಕ್ಕೆ ಇಳಿದಾಗ ಹೇಳಲು ಬೇರೆ ಪದಗಳಿವೆ. ಕಾನೂನು, ನಿಯಮಗಳಿಗೆ ‘ಜಾರಿಗೆ ತಂದರು’. ಕನಸಿಗೆ ‘ನನಸು ಮಾಡಿದರು’. ಉಳಿದದ್ದಕ್ಕೆ ‘ಕಾರ್ಯರೂಪಕ್ಕೆ ತಂದರು’ ಅಥವಾ ಸುಮ್ನೆ ‘ಮಾಡಿ ತೋರಿಸಿದರು’. ಕಚೇರಿಗಳಲ್ಲಿ ಇಷ್ಟಪಡುವ ‘ಅನುಷ್ಠಾನಗೊಳಿಸು’ ಬೇಡ ಎಂದು ನನ್ನ ಸಲಹೆ. ಹಳ್ಳಿಯ ಹಿರಿಯರಿಗೆ ಅನುಷ್ಠಾನ ಅಂದರೆ ಈಗಲೂ ಜಪ, ಪೂಜೆಯೇ.

ಕಟ್ಟು, ಕಟ್ಟಿಸು

ಈ ಗುಂಪಿನಲ್ಲಿ ನನಗೆ ತುಂಬಾ ಪ್ರಿಯವಾದ ಪದ ‘ಕಟ್ಟು’. ಎಷ್ಟೊಂದು ಕೆಲಸಕ್ಕೆ ಒದಗುತ್ತದೆ ನೋಡಿ. ಮನೆ ಕಟ್ಟು, ಹೂ ಕಟ್ಟು, ಗೂಡು ಕಟ್ಟು, ಸಂಘ ಕಟ್ಟು, ನಾಡು ಕಟ್ಟು. ಉತ್ತರ ಕರ್ನಾಟಕದಲ್ಲಿ ಲಾವಣಿಕಾರರು, ಡೊಳ್ಳಿನ ಪದದವರು ಪದ ಕಟ್ಟಿ ಹಾಡುತ್ತಾರೆ. ಕರಾವಳಿಯಲ್ಲಿ ಯಕ್ಷಗಾನದವರು ವೇಷ ಕಟ್ಟುತ್ತಾರೆ. ಜನಪದ ಕಲಾವಿದರೊಬ್ಬರ ಬಗ್ಗೆ ಬರೆಯುವಾಗ ‘ಅವರು ನೂರಾರು ಪದಗಳನ್ನು ರಚಿಸಿದ್ದಾರೆ’ ಎನ್ನುವ ಬದಲು ‘ಕಟ್ಟಿದ್ದಾರೆ’ ಎಂದು ಬರೆಯಿರಿ. ಅವರ ಬಾಯಲ್ಲಿರುವ ಪದ ಅದೇ. ‘ರಚಿಸಿದ್ದಾರೆ’ ಎಂದಾಗ ಕಾಗದ ಪೆನ್ನು ಕಣ್ಣಿಗೆ ಬರುತ್ತದೆ. ಎಷ್ಟೋ ಸಲ ಅವರು ಕಾಗದ ಮುಟ್ಟಿಯೇ ಇರುವುದಿಲ್ಲ, ಮೇಳದ ಎದುರು ನಿಂತಲ್ಲೇ ಕಟ್ಟಿ ಹಾಡಿರುತ್ತಾರೆ.

ಒಂದು ಅಪಾಯ ಇದೆ. ‘ಕಥೆ ಕಟ್ಟು’ ಎಂಬುದಕ್ಕೆ ಎರಡು ಮುಖ. ಸಾಹಿತ್ಯದ ಮಾತಿನಲ್ಲಿ ‘ಕಥೆ ಕಟ್ಟುವ ಬಗೆ’ ಎಂದರೆ ಮೆಚ್ಚುಗೆ. ದಿನದ ಮಾತಿನಲ್ಲಿ ‘ಸುಮ್ನೆ ಕಥೆ ಕಟ್ಟಬೇಡ’ ಎಂದರೆ ಸುಳ್ಳು ಹೇಳಬೇಡ ಎಂದರ್ಥ. ‘ಕಟ್ಟುಕಥೆ’ಯಲ್ಲಂತೂ ಬರೀ ಸುಳ್ಳೇ. ಹಾಗಾಗಿ ನಿಜವಾಗಿ ನಡೆದದ್ದನ್ನು ಯಾರಾದರೂ ನಿರೂಪಿಸಿದ್ದರೆ ಅಲ್ಲಿ ‘ಕಟ್ಟು’ ಬೇಡ.

ಇನ್ನು ಯಾರ ಕೈ ಎಂಬ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ‘ಇಸು’ ಎಂಬ ಪ್ರತ್ಯಯ ಎರಡು ಕೆಲಸ ಮಾಡುತ್ತದೆ. ಸಂಸ್ಕೃತದಿಂದ ಬಂದ ನಾಮಪದವನ್ನು ಕ್ರಿಯಾಪದ ಮಾಡುತ್ತದೆ. ರೂಪದಿಂದ ರೂಪಿಸು ಬಂದದ್ದು ಹೀಗೆ. ಕನ್ನಡದ ಕ್ರಿಯಾಪದಕ್ಕೆ ಸೇರಿದರೆ, ಬೇರೆಯವರಿಂದ ಆ ಕೆಲಸ ಆಗುವಂತೆ ನೋಡಿಕೊಂಡರು ಎಂಬ ಅರ್ಥ ಕೊಡುತ್ತದೆ. ಮಾಡು, ಮಾಡಿಸು. ಕಟ್ಟು, ಕಟ್ಟಿಸು. ಕೆತ್ತು, ಕೆತ್ತಿಸು. ಮೇಸ್ತ್ರಿ ಮನೆ ಕಟ್ಟುತ್ತಾನೆ, ಯಜಮಾನ ಕಟ್ಟಿಸುತ್ತಾನೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯಲ್ಲಿ ಯಜಮಾನನಿಗೂ ‘ಕಟ್ಟಿ’ ಎಂದೇ ಇದೆಯಲ್ಲ ಎಂದು ನೀವು ಕೇಳಬಹುದು. ನಿಜ. ಅಲ್ಲಿ ಪೂರ್ತಿ ಕಷ್ಟ ಅವನದೇ, ಅದಕ್ಕೇ ಆ ಪದ ಒಪ್ಪುತ್ತದೆ.

ಈ ವ್ಯತ್ಯಾಸವನ್ನು ಶ್ರವಣಬೆಳಗೊಳದ ಬೆಟ್ಟದ ಮೇಲೆ ಕಲ್ಲಿನಲ್ಲೇ ಓದಬಹುದು. ಗೊಮ್ಮಟನ ಪಾದದ ಬಳಿ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂದಿದೆ. ಮೂರ್ತಿ ನಿಂತದ್ದು 10ನೇ ಶತಮಾನದ ಕೊನೆಯ ಭಾಗದಲ್ಲಿ. ಅಲ್ಲೇ ಇನ್ನೊಂದು ಸಾಲು, ಹೊಯ್ಸಳ ದಂಡನಾಯಕ ಗಂಗರಾಜ ಮೂರ್ತಿಯ ಸುತ್ತಲಿನ ಕಟ್ಟಡವಾದ ಸುತ್ತಾಲಯವನ್ನು ಮಾಡಿಸಿದ ಎಂದು ಹೇಳುತ್ತದೆ. ಇಬ್ಬರ ವಿಷಯದಲ್ಲೂ ಇರುವುದು ‘ಮಾಡಿಸು’ ಎಂಬ ಪದವೇ, ‘ಮಾಡು’ ಅಲ್ಲ. ಕೆತ್ತಿದವರ ಹೆಸರು ಆ ಸಾಲಿನಲ್ಲಿ ಇಲ್ಲ. ಆದರೂ ಬೇರೆ ಯಾರೋ ಕೆತ್ತಿದ್ದಾರೆ ಎಂಬ ಸತ್ಯವನ್ನು ಆ ‘ಇಸು’ ಉಳಿಸಿಕೊಂಡಿದೆ. ಸಾವಿರ ವರ್ಷದ ಹಿಂದೆ ಇಷ್ಟು ಪ್ರಾಮಾಣಿಕವಾಗಿ ಬರೆದಿದ್ದಾರೆ. ಇವತ್ತು ನಾವು ಉದ್ಘಾಟನೆಯ ಫಲಕಗಳಲ್ಲಿ ‘ನಿರ್ಮಿಸಿದರು’ ಎಂದು ಹಾಕಿ ಎಲ್ಲವನ್ನೂ ಒಬ್ಬರ ಲೆಕ್ಕಕ್ಕೆ ಬರೆಯುತ್ತೇವೆ.

‘ರೂಪಿಸು’, ‘ರಚಿಸು’, ‘ನಿರ್ಮಿಸು’ ಪದಗಳ ಕೊರತೆ ಇದೇ. ಅವುಗಳಲ್ಲಿ ಆಗಲೇ ಒಂದು ‘ಇಸು’ ಇದೆ. ಅದರ ಮೇಲೆ ಇನ್ನೊಂದು ‘ಇಸು’ ಹಾಕಿದರೆ ನಾಲಿಗೆ ಹೊರಳುವುದಿಲ್ಲ. ‘ಮಂತ್ರಿಗಳು ಯೋಜನೆ ರೂಪಿಸಿದರು’ ಎಂದಾಗ ಮಂತ್ರಿಗಳೇ ಕೂತು ಮಾಡಿದರೋ, ಅಧಿಕಾರಿಗಳಿಂದ ಮಾಡಿಸಿದರೋ ತಿಳಿಯುವುದಿಲ್ಲ. ಅದು ತಿಳಿಯಬೇಕಾದ ಕಡೆ ಅಚ್ಚಕನ್ನಡದ ಜೋಡಿಯನ್ನೇ ಹಿಡಿಯಿರಿ.

ಕನ್ನಂಬಾಡಿ ಕಟ್ಟೆಯ ವಿಷಯದಲ್ಲಿ ನಡೆಯುವ ಜಗಳ ನಿಮಗೂ ಗೊತ್ತಿರಬಹುದು. ಕಟ್ಟಿದ್ದು ವಿಶ್ವೇಶ್ವರಯ್ಯನವರೋ, ನಾಲ್ವಡಿ ಕೃಷ್ಣರಾಜ ಒಡೆಯರೋ? ಈ ಜಗಳದಲ್ಲಿ ಅರ್ಧ ಭಾಗ ಪದದಿಂದಲೇ ಹುಟ್ಟಿದ್ದು. ನಾಲ್ವಡಿಯವರು ಕಟ್ಟಿಸಿದರು. ಅಷ್ಟು ದೊಡ್ಡ ಖರ್ಚನ್ನು ಹೊರಲು ಒಪ್ಪಿದ್ದು ಅವರ ಸಂಸ್ಥಾನ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿ ಯೋಜನೆ ರೂಪಿಸಿದರು, 1912ರಿಂದ 1918ರವರೆಗೆ ದಿವಾನರಾಗಿ ಅದನ್ನು ಮುಂದೆ ನಡೆಸಿದರು. ಕೆಲಸ ಶುರುವಾದದ್ದು 1911ರಲ್ಲಿ. ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ಅಂದರೆ ಅವರು ದಿವಾನಗಿರಿ ಬಿಟ್ಟ ಮೇಲೂ ಬೇರೆ ಎಂಜಿನಿಯರುಗಳು ಅದನ್ನು ಮುಂದುವರಿಸಿದ್ದಾರೆ. ಇನ್ನು ಕಲ್ಲು ಹೊತ್ತು, ಸುಣ್ಣ ಮತ್ತು ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆ ಕಲಸಿ ಕಟ್ಟಿದವರು ಸಾವಿರಾರು ಕೂಲಿಗಳು. ಕಟ್ಟಿಸಿದವರು, ರೂಪಿಸಿದವರು, ಮುಗಿಸಿದವರು, ಕಟ್ಟಿದವರು ಎಂದು ಬಿಡಿಸಿ ಬರೆದರೆ ಯಾರ ಪಾಲೂ ಕಡಿಮೆ ಆಗುವುದಿಲ್ಲ.

ರೂವಾರಿ, ಶಿಲ್ಪಿ, ಹರಿಕಾರ

ಕೆಲಸ ಮಾಡಿದವರಿಗೆ ಹಾಕುವ ಬಿರುದಿನಲ್ಲೂ ಆಯ್ಕೆ ಇದೆ. ‘ರೂವಾರಿ’ ಪದ ‘ರೂಪಕಾರಿ’ಯಿಂದ ಬಂದದ್ದು. ಹೊಯ್ಸಳರ ಕಾಲದಲ್ಲಿ ಶಿಲ್ಪಿಗಳನ್ನು ಹೀಗೆ ಕರೆಯುತ್ತಿದ್ದರು. ಸೋಮನಾಥಪುರದ ಗುಡಿಯ ಹಲವು ಶಿಲ್ಪಗಳ ಕೆಳಗೆ ಹೆಸರು ಕೊರೆದಿರುವ ಮಲ್ಲಿತಮ್ಮ ಅಂಥ ಒಬ್ಬ ರೂವಾರಿ. ಉಳಿ ಹಿಡಿದವನ ಹೆಸರು ಇವತ್ತು ಯೋಚನೆಗೆ ಆಕಾರ ಕೊಟ್ಟವರಿಗೆ ಸಲ್ಲುತ್ತಿದೆ. ‘ಈ ಯೋಜನೆಯ ರೂವಾರಿ’ ಎಂದರೆ ಅದನ್ನು ಮೊದಲು ಮನಸ್ಸಿನಲ್ಲಿ ಕಂಡು, ವಿವರ ತುಂಬಿ, ನಿಲ್ಲಿಸಿದವರು. ಹಣ ಕೊಟ್ಟವರಿಗೆ, ರಿಬ್ಬನ್ ಕತ್ತರಿಸಿದವರಿಗೆ ಇದನ್ನು ಹಾಕಬೇಡಿ.

‘ಸ್ಫೋಟದ ರೂವಾರಿ’, ‘ಹಗರಣದ ರೂವಾರಿ’ ಎಂದು ಸುದ್ದಿಗಳಲ್ಲಿ ಬರುವುದು ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಮಲ್ಲಿತಮ್ಮನ ಪದವನ್ನು ಕೊಂಡೊಯ್ದು ಕೊಲೆಗಡುಕನಿಗೆ ಕೊಟ್ಟ ಹಾಗೆ. ಅಲ್ಲಿಗೆ ‘ಸಂಚುಕೋರ’ ಇದೆ, ‘ಸೂತ್ರಧಾರ’ ಇದೆ. ತೆರೆಯ ಹಿಂದೆ ನಿಂತು ದಾರ ಎಳೆಯುವವನಿಗೆ ಸೂತ್ರಧಾರ ಸರಿಯಾಗಿ ಕೂರುತ್ತದೆ.

‘ಹರಿಕಾರ’ ಮೊದಲು ಸುದ್ದಿ ಹೊತ್ತು ಓಡುವ ಆಳಿನ ಹೆಸರಾಗಿತ್ತು. ಈಗ ಹೊಸದೊಂದನ್ನು ಜನರ ಬಳಿಗೆ ತಂದವರಿಗೆ ಬಳಸುತ್ತೇವೆ. ದೇವರಾಜ ಅರಸು ಅವರನ್ನು ಭೂ ಸುಧಾರಣೆಯ ಹರಿಕಾರ ಎನ್ನುತ್ತಾರೆ. ಭೂ ಸುಧಾರಣೆಯ ಕಾಯ್ದೆ 1961ರಲ್ಲೇ ಇತ್ತು. ಅದಕ್ಕೆ 1974ರ ತಿದ್ದುಪಡಿಯಿಂದ ಹಲ್ಲು ಬರಿಸಿ, ಉಳುವವನ ಹೊಲದವರೆಗೆ ಒಯ್ದದ್ದು ಅವರ ಸರ್ಕಾರ. ಆದ್ದರಿಂದ ಹರಿಕಾರ ಎಂಬ ಪದ ಅವರಿಗೆ ಚೆನ್ನಾಗಿ ಒಪ್ಪುತ್ತದೆ.

‘ಶಿಲ್ಪಿ’ ಪದ ಸಂವಿಧಾನ ಶಿಲ್ಪಿ ಎಂಬಲ್ಲಿ ಗಟ್ಟಿಯಾಗಿ ನಿಂತಿದೆ. ಸಣ್ಣ ಪುಟ್ಟ ಕೆಲಸಕ್ಕೆ ಅದನ್ನು ತರದೆ ಇದ್ದರೆ ಒಳ್ಳೆಯದು.

ಸೃಷ್ಟಿಸು, ನಿರ್ಮಿಸು, ಸಿದ್ಧಪಡಿಸು

ಇವುಗಳಿಗೆ ಉದ್ದದ ವಿವರಣೆ ಬೇಡ. ‘ದಾಖಲೆ’ ಎಂಬ ಒಂದೇ ಪದದ ಮುಂದೆ ಇಟ್ಟು ನೋಡಿ. ‘ದಾಖಲೆ ನಿರ್ಮಿಸಿದರು’ ಎಂದರೆ ಓಟದಲ್ಲೋ ಕ್ರಿಕೆಟ್ಟಿನಲ್ಲೋ ಹಿಂದಿನವರನ್ನು ಮೀರಿಸಿದರು. ‘ದಾಖಲೆ ಸಿದ್ಧಪಡಿಸಿದರು’ ಎಂದರೆ ಕಚೇರಿಗೆ ಬೇಕಾದ ಕಾಗದ ಪತ್ರ ಜೋಡಿಸಿದರು. ‘ದಾಖಲೆ ಸೃಷ್ಟಿಸಿದರು’ ಎಂದರೆ ಪೊಲೀಸರು ಬಂದೇ ಬರುತ್ತಾರೆ, ಯಾಕೆಂದರೆ ಇಲ್ಲದ್ದನ್ನು ಇದೆ ಎಂದು ತೋರಿಸಿದ್ದಾರೆ.

‘ಸೃಷ್ಟಿಸು’ ಇಲ್ಲದ್ದನ್ನು ತರುವ ಪದ. ಹೊಸ ಪಾತ್ರ, ಹೊಸ ಲೋಕ, ಉದ್ಯೋಗ ಇವುಗಳಿಗೆ ಸರಿ. ಗೊಂದಲ, ವದಂತಿಗೂ ಅದೇ ಪದ ಬರುತ್ತದೆ. ‘ನಿರ್ಮಿಸು’ ರಸ್ತೆ, ಸೇತುವೆ, ಕಟ್ಟಡಗಳದ್ದು. ಸಿನಿಮಾದ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ‘ಅವರು ಮೂರು ಚಿತ್ರ ನಿರ್ಮಿಸಿದ್ದಾರೆ’ ಎಂದರೆ ಹಣ ಹಾಕಿದ್ದಾರೆ ಎಂದು. ಕಥೆಗೆ ತೆರೆಯ ಮೇಲೆ ಆಕಾರ ಕೊಟ್ಟವರು ನಿರ್ದೇಶಿಸಿದವರು.

ನಾಟಕದವರು ಈ ಲೆಕ್ಕವನ್ನು ಚೆನ್ನಾಗಿ ಇಟ್ಟಿದ್ದಾರೆ. ಪೋಸ್ಟರಿನಲ್ಲಿ ರಚನೆ, ರಂಗರೂಪ, ವಿನ್ಯಾಸ, ನಿರ್ದೇಶನ ಎಂದು ಬೇರೆ ಬೇರೆ ಸಾಲು ಇರುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣ ಇಡೀ ರಾತ್ರಿಯ ನಾಟಕವಾಗಿ ಆಡಿದಾಗ, ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದ್ದು, ನಿರ್ದೇಶನ ಸಿ. ಬಸವಲಿಂಗಯ್ಯ ಅವರದ್ದು. ಇನ್ನೊಬ್ಬರ ಕೃತಿಯನ್ನು ನೀವು ಶಾಲಾ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿದ್ದರೆ ನಿಮ್ಮ ಹೆಸರಿನ ಮುಂದೆ ‘ರಚನೆ’ ಎಂದು ಹಾಕಿಕೊಳ್ಳಬೇಡಿ. ‘ರಂಗರೂಪ’ ಎಂದು ಹಾಕಿ. ಅದೂ ದೊಡ್ಡ ಕೆಲಸವೇ.

ಹೆಣೆ, ಹೊಸೆ

ಬುಟ್ಟಿ, ಜಡೆ, ಬಲೆ ಹೆಣೆಯುವಾಗ ಹಲವು ಎಳೆಗಳು ಒಂದರ ಕೆಳಗೊಂದು ಹಾಯುತ್ತವೆ. ಬರಹದಲ್ಲೂ ಅಂಥದ್ದಕ್ಕೇ ಇದನ್ನು ಇಡಿ. ಮೂರು ತಲೆಮಾರಿನ ಕಥೆ ಒಟ್ಟಿಗೆ ಸಾಗುವ ಕಾದಂಬರಿಯನ್ನು ‘ಹೆಣೆದಿದ್ದಾರೆ’ ಎನ್ನಬಹುದು. ನೇರವಾಗಿ ಸಾಗುವ ಪುಟ್ಟ ಕಥೆಗೆ ಅದು ದೊಡ್ಡ ಅಂಗಿ. ಚುನಾವಣೆ ಹತ್ತಿರ ಬಂದಾಗ ‘ತಂತ್ರ ಹೆಣೆದರು’ ಎಂದು ಓದುತ್ತೇವೆ. ಅದಕ್ಕೂ ‘ತಂತ್ರ ರೂಪಿಸಿದರು’ ಎನ್ನುವುದಕ್ಕೂ ಸಣ್ಣ ವ್ಯತ್ಯಾಸ ಇದೆ. ಹೆಣೆದದ್ದರಲ್ಲಿ ಯಾರನ್ನೋ ಸಿಕ್ಕಿಸುವ ಉದ್ದೇಶದ ವಾಸನೆ ಇರುತ್ತದೆ. ಕೃಷಿ ಇಲಾಖೆ ಬರ ಎದುರಿಸಲು ತಂತ್ರ ಹೆಣೆಯಿತು ಎಂದು ಬರೆದರೆ ರೈತರಿಗೆ ಗಾಬರಿಯಾದೀತು. ಅಲ್ಲಿ ‘ರೂಪಿಸಿತು’ ಇರಲಿ.

ಬತ್ತಿ ಹೊಸೆಯುವ ‘ಹೊಸೆ’ ಕವಿತೆಯ ಜೊತೆಗೂ ಬರುತ್ತದೆ. ನಿಮ್ಮ ಕವಿತೆಯ ಬಗ್ಗೆ ನೀವೇ ‘ನಾಲ್ಕು ಸಾಲು ಹೊಸೆದೆ’ ಎಂದರೆ ಅದು ವಿನಯ. ಇನ್ನೊಬ್ಬರ ಕವಿತೆಗೆ ಹೇಳಿದರೆ ಅವರಿಗೆ ನೋವಾಗುತ್ತದೆ. ಸನ್ಮಾನ ಪತ್ರದಲ್ಲಿ ಈ ಪದ ಕಂಡರೆ ಅಚ್ಚಿಗೆ ಹೋಗುವ ಮುಂಚೆ ತೆಗೆಸಿ.

ಮೊಬೈಲಿನ ಕನ್ನಡ

ಕೊನೆಗೆ, ಆ್ಯಪ್‌ಗಳಿಗೆ, ಜಾಲತಾಣಗಳಿಗೆ ಕನ್ನಡ ಬರೆಯುವವರಿಗೆ. ಅಲ್ಲಿ ಎಲ್ಲದಕ್ಕೂ ‘ರಚಿಸಿ’ ಎಂಬ ಒಂದೇ ಗುಂಡಿ ಇಡುವ ರೂಢಿ ಬೆಳೆದಿದೆ. ಖಾತೆ ರಚಿಸಿ, ಪಾಸ್‌ವರ್ಡ್ ರಚಿಸಿ, ಪಟ್ಟಿ ರಚಿಸಿ, ಗುಂಪು ರಚಿಸಿ. ಇವುಗಳಲ್ಲಿ ‘ಗುಂಪು ರಚಿಸಿ’ ಸರಿಯಾಗಿದೆ, ಸಮಿತಿ ರಚಿಸಿದ ಹಾಗೆ ಸದಸ್ಯರನ್ನು ಸೇರಿಸಿ ಮಾಡುವ ಕೆಲಸ ಅದು. ಆದರೂ ‘ಗುಂಪು ಕಟ್ಟಿ’ ಇನ್ನೂ ಸಲೀಸು. ಬ್ಯಾಂಕಿನಲ್ಲಿ ನಮ್ಮ ಜನ ಖಾತೆ ತೆರೆಯುತ್ತಾರೆ, ಅಂಚೆ ಕಚೇರಿಯಲ್ಲೂ ತೆರೆಯುತ್ತಾರೆ. ಮೊಬೈಲಿನಲ್ಲೂ ‘ಖಾತೆ ತೆರೆಯಿರಿ’ ಎಂದೇ ಇರಲಿ. ಪಟ್ಟಿಯನ್ನು ಮಾಡುತ್ತೇವೆ. ಅಲಾರಂ ಇಡುತ್ತೇವೆ. ಪಾಸ್‌ವರ್ಡಿಗೆ ‘ಹೊಸ ಪಾಸ್‌ವರ್ಡ್ ಹಾಕಿ’ ಎಂದರೆ ಮೊದಲ ಸಲ ಮೊಬೈಲ್ ಹಿಡಿದ ಅಮ್ಮನಿಗೂ ಏನು ಒತ್ತಬೇಕು ಎಂದು ಗೊತ್ತಾಗುತ್ತದೆ.